ಹಾಲು ಬಿಟ್ಟ ಮೇಲೆ, ಹಾಲು ಕೊಡುವ ಮುನ್ನ

ಹೈನುಗಾರಿಕೆಯ ಮಾತುಕತೆಯಲ್ಲಿ ಎರಡು ಜೀವಗಳಿಗೆ ಮಾತ್ರ ಜಾಗ. ಒಂದು ಕರೆಯುವ ಹಸು. ಬೆಳಿಗ್ಗೆ ಸಂಜೆ ಡೇರಿಗೆ ಹೋಗುವ ಕ್ಯಾನೇ ಅದರ ಯೋಗಕ್ಷೇಮ ಹೇಳಿಬಿಡುತ್ತದೆ. ಇನ್ನೊಂದು ಈಗಷ್ಟೇ ಹುಟ್ಟಿದ ಕರು. ಗಿಣ್ಣುಹಾಲು ಕುಡಿಸಿದಿರಾ, ಹೊಕ್ಕುಳಿಗೆ ಟಿಂಚರ್ ಹಚ್ಚಿದಿರಾ ಎಂದು ವಿಚಾರಿಸುವವರು ಇದ್ದೇ ಇರುತ್ತಾರೆ. ಈ ಎರಡರ ನಡುವೆ, ಹಾಲು ಬಿಟ್ಟ ದಿನದಿಂದ ಚೊಚ್ಚಲು ಈಯುವ ದಿನದವರೆಗೆ, ಎರಡು ಎರಡೂವರೆ ವರ್ಷ ಒಂದು ಪೈಸೆ ದುಡಿಯದೆ ಮೇವು ತಿನ್ನುವ ಕಡಸಿನ ಸುದ್ದಿ ಯಾರ ಬಾಯಲ್ಲೂ ಬರುವುದಿಲ್ಲ.

ಹಳೆ ಮೈಸೂರು ಕಡೆಯ ಒಂದು ಸಾಮಾನ್ಯ ಕೊಟ್ಟಿಗೆಗೆ ಹೋಗಿ ನೋಡಿ. ಗೋದಲೆಯ ಮೊದಲ ಜಾಗ ಹೆಚ್ಚು ಕರೆಯುವ ಸೀಮೆಹಸುವಿನದು. ಗಂಜಲದ ಕಾಲುವೆ ಹೊರಗೆ ಹರಿಯುವ ಕೊನೆಯಲ್ಲಿ, ಗಾರೆ ಕಿತ್ತುಹೋದ ಕಡೆ ಕಡಸಿನ ಗೂಟ. ಹಸು ಎಲೆ ತಿಂದು ಬಿಟ್ಟ ನೇಪಿಯರ್ ದಂಟನ್ನು ಗುಡಿಸಿ ಅದರ ಮುಂದೆ ಹಾಕುತ್ತಾರೆ. ಹಿಂಡಿ ಬೂಸಾದ ಬಕೆಟ್ ತೊಳೆದ ನೀರೇ ಅದರ ಪಾಲಿನ ಪೌಷ್ಟಿಕ ಆಹಾರ. ಇದನ್ನು ನಿರ್ದಯೆ ಎನ್ನಲಾಗದು. ಡೇರಿಯ ಬಟವಾಡೆ ನೆಚ್ಚಿಕೊಂಡ ಮನೆಯಲ್ಲಿ ಒಂದು ಸೇರು ಹಿಂಡಿ ಯಾರ ಬಾಯಿಗೆ ಹೋದರೆ ಬಟವಾಡೆ ಹೆಚ್ಚುತ್ತದೆ ಎನ್ನುವುದು ಮಕ್ಕಳಿಗೂ ಗೊತ್ತು. ಆದರೆ ಹತ್ತು ವರ್ಷದ ಲೆಕ್ಕ ತೆಗೆದರೆ, ಹಟ್ಟಿಗೆ ಕಣ್ಣಿಗೆ ಕಾಣದ ನಷ್ಟ ಆಗುತ್ತಿರುವುದು ಇದೇ ಮೂಲೆಯಲ್ಲಿ.

ಹೋರಿಕರುವಿನಿಂದ ಹೆಣ್ಣುಕರುವಿಗೆ

ಈ ಉದಾಸೀನಕ್ಕೆ ಒಂದು ಹಿನ್ನೆಲೆಯೂ ಇದೆ. ಮೈಸೂರು ಸೀಮೆಯ ದನಸಾಕಣೆ ಬೆಳೆದದ್ದು ಎತ್ತಿಗಾಗಿ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಆ ಹೆಸರಿನ ತಳಿಯಾಗಲಿ, ಅದರ ಮೂಲವಾದ ಹಳ್ಳಿಕಾರ್ ಆಗಲಿ ಬೆಲೆ ಕಟ್ಟಿಸಿಕೊಂಡದ್ದು ಓಟಕ್ಕೆ, ನೊಗಕ್ಕೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಇಂದಿಗೂ ಜನ ಸುತ್ತುಗಟ್ಟುವುದು ಹೋರಿಜೋಡಿಗಳ ಸುತ್ತಲೇ. ಅಂಥ ವ್ಯವಸ್ಥೆಯಲ್ಲಿ ಹೆಚ್ಚಿನ ಆರೈಕೆಯೆಲ್ಲ ಹೋರಿಕರುವಿಗೆ ಸಲ್ಲುತ್ತಿತ್ತು. ಹೆಣ್ಣುಕರು ಕಾವಲಿನಲ್ಲಿ ಮೇದುಕೊಂಡು, ಮೂರೂವರೆ ನಾಲ್ಕು ವರ್ಷಕ್ಕೆ ತಾನಾಗಿ ಗಬ್ಬವಾಗಿ ಈದರೆ ಅದು ತಡವೆಂದು ಯಾರೂ ಎಣಿಸುತ್ತಿರಲಿಲ್ಲ.

1960ರ ದಶಕದಲ್ಲಿ ಡೆನ್ಮಾರ್ಕಿನ ನೆರವಿನಿಂದ ಹೆಸರಘಟ್ಟದಲ್ಲಿ ಹೈನುರಾಸು ಯೋಜನೆ ಶುರುವಾಯಿತು. 1970ರ ದಶಕದಲ್ಲಿ ಹಾಲು ಸಹಕಾರ ಸಂಘಗಳು ಹಳ್ಳಿಹಳ್ಳಿಗೆ ಬಂದವು. ಎಚ್‌ಎಫ್, ಜೆರ್ಸಿ ಮಿಶ್ರತಳಿಗಳು ಕೋಲಾರ, ಬೆಂಗಳೂರು ಗ್ರಾಮಾಂತರ, ಮಂಡ್ಯ, ಹಾಸನಗಳ ಕೊಟ್ಟಿಗೆ ತುಂಬಿದವು. ಟ್ರ್ಯಾಕ್ಟರ್ ಬಂದು ಹೋರಿಕರು ಬೇಡವಾಯಿತು, ಹೆಣ್ಣುಕರುವಿನ ಬೆಲೆ ಏರಿತು. ತಳಿ ಬದಲಾಯಿತು, ಬೆಲೆ ಬದಲಾಯಿತು. ಸಾಕುವ ಕ್ರಮ ಮಾತ್ರ ಹಳೆಯದೇ ಉಳಿಯಿತು. ಕಾವಲಿನಲ್ಲಿ ನಿಧಾನವಾಗಿ ಬೆಳೆಯಲು ಹೊಂದಿಕೊಂಡ ನಾಡತಳಿಯ ಪಾಡನ್ನೇ, ದಿನಕ್ಕೆ ಅರ್ಧ ಕಿಲೋ ಬೆಳೆಯಬಲ್ಲ ಸೀಮೆತಳಿಯ ಕಡಸಿಗೂ ಹೊರಿಸಿದೆವು. ಅದೂ ಕಾವಲಿಲ್ಲದೆ, ಗೂಟಕ್ಕೆ ಕಟ್ಟಿ.

ಕ್ಯಾಲೆಂಡರಲ್ಲ, ಟೇಪು

ಕಡಸು ಯಾವಾಗ ಬೆದೆಗೆ ಬರುತ್ತದೆ ಎಂದು ಕೇಳಿದರೆ ಹೆಚ್ಚಿನವರು ತಿಂಗಳ ಲೆಕ್ಕ ಹೇಳುತ್ತಾರೆ. ದೇಹ ನೋಡುವುದು ತೂಕವನ್ನು. ಬೆಳೆದುನಿಂತಾಗ ಎಷ್ಟು ತೂಗಬೇಕೋ ಅದರ ಅರ್ಧದ ಹತ್ತಿರ ಬಂದಾಗ ಮೊದಲ ಬೆದೆ ಕಾಣಿಸುತ್ತದೆ. ನೂರಕ್ಕೆ 55ರಿಂದ 60 ಭಾಗ ಮುಟ್ಟಿದಾಗ ಗರ್ಭ ಕಟ್ಟಿಸಲು ತಕ್ಕುದು. ಈದ ಮೇಲೆ 80ರಿಂದ 85 ಭಾಗದಷ್ಟಾದರೂ ತೂಕ ಇರಬೇಕು. 450 ಕಿಲೋ ತೂಗುವ ಎಚ್‌ಎಫ್ ಮಿಶ್ರತಳಿ ತಾಯಿಯ ಮಗಳಿಗೆ 250ರಿಂದ 270 ಕಿಲೋ ಆಗುವವರೆಗೆ ಕಾಯಬೇಕು. 350 ಕಿಲೋದ ಜೆರ್ಸಿ ಮಿಶ್ರತಳಿಗೆ 200 ದಾಟಿದರೆ ಸಾಕು. ಮಲೆನಾಡು ಗಿಡ್ಡದ ಹಸು ಪೂರ್ತಿ ಬೆಳೆದರೂ ನೂರು ಚಿಲ್ಲರೆ ಕಿಲೋ. ಅದಕ್ಕೆ ಸೀಮೆಹಸುವಿನ ಪಟ್ಟಿ ಹಿಡಿದು ಕೂರುವುದು ಮೂರ್ಖತನ. ಆದ್ದರಿಂದ ಎಲ್ಲ ಕಡಸಿಗೂ ಒಂದೇ ಅಂಕಿ ಹೇಳುವ ಕರಪತ್ರಗಳನ್ನು ನಂಬುವುದಕ್ಕಿಂತ ತಾಯಿಯ ಮೈಕಟ್ಟು ನೋಡಿ ಗುರಿ ಇಟ್ಟುಕೊಳ್ಳುವುದು ಮೇಲು.

ಹಳ್ಳಿಯಲ್ಲಿ ದನ ತೂಗುವ ತಕ್ಕಡಿ ಎಲ್ಲಿಂದ ತರುವುದು? ದರ್ಜಿಯ ಟೇಪು ಸಾಕು. ಕಡಸನ್ನು ಸಮನೆಲದಲ್ಲಿ ನಾಲ್ಕೂ ಕಾಲು ನೇರವಾಗಿರುವಂತೆ ನಿಲ್ಲಿಸಿ, ಮುಂಗಾಲಿನ ಹಿಂದಿನಿಂದ ಎದೆಯ ಸುತ್ತ ಟೇಪು ಸುತ್ತಿ ಅಂಗುಲದಲ್ಲಿ ಅಳೆಯಿರಿ. ಆಮೇಲೆ ಭುಜದ ಮೂಳೆಯ ತುದಿಯಿಂದ ಬಾಲದ ಪಕ್ಕದ ಪೃಷ್ಠದ ಮೂಳೆಯ ತುದಿವರೆಗೆ ಉದ್ದ ಹಿಡಿಯಿರಿ. ಎದೆಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಮತ್ತೆ ಗುಣಿಸಿ, 660ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಕಿಲೋ ತೂಕ ಸಿಗುತ್ತದೆ. ಎದೆ 58 ಅಂಗುಲ, ಉದ್ದ 50 ಇದ್ದರೆ 255 ಕಿಲೋ. ಅದೇ ಕಡಸು ಹೋದ ತಿಂಗಳು 57 ಮತ್ತು 49 ಇದ್ದಿದ್ದರೆ ಆಗ 241 ಕಿಲೋ. ಅಂದರೆ ತಿಂಗಳಿಗೆ 14 ಕಿಲೋ, ದಿನಕ್ಕೆ 450 ಗ್ರಾಮಿನ ಆಸುಪಾಸು ಬೆಳವಣಿಗೆ. ಎದೆಯ ಅಳತೆ ಒಂದೇ ಅಂಗುಲ ತಪ್ಪಿದರೆ ಸುಮಾರು 9 ಕಿಲೋ ವ್ಯತ್ಯಾಸ ಬರುವುದರಿಂದ, ಪ್ರತಿಸಲ ಒಬ್ಬರೇ, ಬೆಳಿಗ್ಗೆ ನೀರು ಕುಡಿಸುವ ಮುಂಚೆ, ಅದೇ ಬಿಗಿಯಲ್ಲಿ ಅಳೆಯಬೇಕು. ತಿಂಗಳಿಗೊಮ್ಮೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟ ಈ ಅಂಕಿ, ಕಡಸಿನ ಬಗ್ಗೆ ಸಿಗುವ ಎಲ್ಲ ಸಲಹೆಗಿಂತ ಹೆಚ್ಚು ಹೇಳುತ್ತದೆ.

ತಡವಾದರೆ ಎಷ್ಟು ನಷ್ಟ?

ಹುಟ್ಟಿದಾಗ 30 ಕಿಲೋ ಇದ್ದ ಕರು 250 ಕಿಲೋ ಮುಟ್ಟಲು 220 ಕಿಲೋ ಬೆಳೆಯಬೇಕು. ದಿನಕ್ಕೆ 500 ಗ್ರಾಮಿನಂತೆ ಬೆಳೆದರೆ 440 ದಿನ, ಅಂದರೆ ಹದಿನಾಲ್ಕೂವರೆ ತಿಂಗಳು. 300 ಗ್ರಾಮಿನಂತೆ ಬೆಳೆದರೆ 733 ದಿನ, ಎರಡು ವರ್ಷ. ಎರಡಕ್ಕೂ ಗಬ್ಬದ ಒಂಬತ್ತು ತಿಂಗಳು ಚಿಲ್ಲರೆ ಸೇರಿಸಿದರೆ, ಒಂದು ಎರಡು ವರ್ಷಕ್ಕೆ ಈಯುತ್ತದೆ, ಇನ್ನೊಂದು ಮೂರು ವರ್ಷದ ಹತ್ತಿರಕ್ಕೆ.

ಅರೆಹೊಟ್ಟೆಯ ಕಡಸಿನ ಖರ್ಚು ದಿನಕ್ಕೆ 70 ರೂಪಾಯಿ, ಚೆನ್ನಾಗಿ ತಿನ್ನಿಸಿದ್ದಕ್ಕೆ 110 ರೂಪಾಯಿ ಎಂದಿಟ್ಟುಕೊಳ್ಳಿ. ಮೊದಲನೆಯದಕ್ಕೆ 733 ದಿನಕ್ಕೆ 51 ಸಾವಿರ ದಾಟುತ್ತದೆ. ಎರಡನೆಯದಕ್ಕೆ 440 ದಿನಕ್ಕೆ 48 ಸಾವಿರ ಚಿಲ್ಲರೆ. ಉಳಿಸುತ್ತಿದ್ದೇವೆ ಎಂದುಕೊಂಡವರೇ ಹೆಚ್ಚು ಖರ್ಚು ಮಾಡಿರುತ್ತಾರೆ. ಅದರ ಮೇಲೆ ಒಂಬತ್ತೂವರೆ ತಿಂಗಳ ಹಾಲು, ಒಂದು ಕರು, ಅಷ್ಟು ದಿನದ ಕೊಟ್ಟಿಗೆಯ ಜಾಗ, ಸಗಣಿ ಬಾಚಿದ ಕೂಲಿ ಎಲ್ಲವೂ ಕೈತಪ್ಪಿದವು. ನಿಮ್ಮೂರಿನ ದರ ಬೇರೆ ಇರಬಹುದು. ದರ ಬದಲಿಸಿ ಲೆಕ್ಕ ಹಾಕಿದರೂ ಓರೆ ಬಹುತೇಕ ಈ ಕಡೆಗೇ ಇರುತ್ತದೆ. ಏಕೆಂದರೆ ತಿಂದ ಮೇವಿನಲ್ಲಿ ಮೊದಲ ಪಾಲು ಜೀವ ಹಿಡಿದಿಡಲು ಹೋಗುತ್ತದೆ, ಬೆಳವಣಿಗೆಗೆ ಸಿಗುವುದು ಮಿಕ್ಕಿದ್ದು. ದಿನ ಹೆಚ್ಚಿದಷ್ಟೂ ಜೀವ ಹಿಡಿದಿಡುವ ಖರ್ಚೇ ಹೆಚ್ಚುತ್ತ ಹೋಗುತ್ತದೆ.

ಹಾಲು ಬಿಡಿಸುವ ಹೊತ್ತು

ಮುಗ್ಗರಿಸುವ ಮೊದಲ ಜಾಗ ಹಾಲು ಬಿಡಿಸುವ ವಾರ. ಹುಟ್ಟಿದ ಕರುವಿನ ಮೆಲುಕುಚೀಲ ಇನ್ನೂ ಕೆಲಸಕ್ಕೆ ಬಂದಿರುವುದಿಲ್ಲ. ಕುಡಿದ ಹಾಲು ಅದನ್ನು ತಪ್ಪಿಸಿಕೊಂಡು ನೇರ ನಾಲ್ಕನೆಯ ಕೋಣೆಗೆ ಇಳಿಯುತ್ತದೆ. ಕಾಳಿನ ಅಂಶ ಮೆಲುಕುಚೀಲದಲ್ಲಿ ಹುದುಗಿ ಹುಟ್ಟುವ ಆಮ್ಲಗಳಿಂದಲೇ ಚೀಲದ ಒಳಗೋಡೆಯಲ್ಲಿ ಸಣ್ಣ ಎಳೆಗಳು ಬೆಳೆದು ಆಹಾರ ಹೀರಲು ತಯಾರಾಗುತ್ತವೆ. ಹುಲ್ಲು ಚೀಲವನ್ನು ಹಿಗ್ಗಿಸುತ್ತದೆ, ಆದರೆ ಈ ಎಳೆಗಳನ್ನು ಬೆಳೆಸುವುದಿಲ್ಲ. ಹಾಗಾಗಿ ಬರೀ ಹಾಲು, ಒಣಹುಲ್ಲಿನಲ್ಲಿ ಬೆಳೆದ ಕರುವಿಗೆ ಒಮ್ಮೆಲೇ ಹಾಲು ನಿಲ್ಲಿಸಿದರೆ ಹೊಟ್ಟೆ ದೊಡ್ಡದಾಗಿ, ಬೆನ್ನುಮೂಳೆ ಎದ್ದು, ಕೂದಲು ಒರಟಾಗುತ್ತದೆ. ಕೊಟ್ಟಿಗೆಗಳಲ್ಲಿ ಕಾಣುವ ಆ ಗುಡಾಣಹೊಟ್ಟೆಯ ಕರು ಹೊಟ್ಟೆತುಂಬಿದ ಕರುವಲ್ಲ.

ನಿಯಮ ಸರಳ. ಎರಡನೆಯ ವಾರದಿಂದಲೇ ಕರುವಿನ ಆಹಾರವನ್ನು ಹಿಡಿಹಿಡಿಯಾಗಿ ರುಚಿ ತೋರಿಸಬೇಕು. ಮೂರು ದಿನ ಸತತ ಒಂದೊಂದು ಕಿಲೋ ತಿನ್ನುವ ಮಟ್ಟಕ್ಕೆ ಬಂದ ಮೇಲೆ, ಸಾಮಾನ್ಯವಾಗಿ ಎರಡು ಮೂರು ತಿಂಗಳಿಗೆ, ಹತ್ತು ಹದಿನೈದು ದಿನಗಳಲ್ಲಿ ಹಾಲು ಇಳಿಸುತ್ತ ಬಿಡಿಸಬೇಕು. ಅದೇ ವಾರ ಲಸಿಕೆ, ಕೊಂಬು ಸುಡುವುದು, ಜಾಗ ಬದಲಿಸುವುದು ಬೇಡ. ಕರುಗಳನ್ನು ಗುಂಪಾಗಿ ಬಿಟ್ಟಲ್ಲಿ ಇನ್ನೊಂದು ಕಣ್ಣು ಬೇಕು. ಹಾಲಿನ ಚಪಲ ಹೋಗದ ಕರುಗಳು ಒಂದರ ಮೊಲೆ ಇನ್ನೊಂದು ಚೀಪುತ್ತವೆ. ಆ ವಯಸ್ಸಿನಲ್ಲಿ ಕೆಟ್ಟ ಮೊಲೆ ಈದ ಮೇಲೆ ಕುರುಡುಮೊಲೆಯಾಗಿ ಹೊರಬೀಳುತ್ತದೆ. ಹಾಲು ಕುಡಿಸಿದ ಅರ್ಧ ಗಂಟೆ ಬೇರೆಬೇರೆ ಕಟ್ಟಿ, ಮುಂದೆ ಒಂದಿಷ್ಟು ತಿನ್ನಲು ಇಟ್ಟರೆ ಈ ಚಾಳಿ ತಪ್ಪುತ್ತದೆ.

ಒಣಹುಲ್ಲಿನ ಮಿತಿ

ಹಾಲು ಬಿಟ್ಟ ಕರುವಿಗೆ ನಮ್ಮಲ್ಲಿ ಧಾರಾಳವಾಗಿ ಸಿಗುವುದು ಒಣಮೇವು. ಬಯಲುಸೀಮೆಯಲ್ಲಿ ರಾಗಿಹುಲ್ಲು, ಕರಾವಳಿಯಲ್ಲಿ ಭತ್ತದ ಹುಲ್ಲು, ಉತ್ತರ ಕರ್ನಾಟಕದಲ್ಲಿ ಜೋಳದ ಕಣಿಕೆ. ಇವುಗಳಲ್ಲಿ ಭತ್ತದ ಹುಲ್ಲು ತೀರ ಬಡವು. ಅದರಲ್ಲಿ ಸಸಾರಜನಕ ನೂರಕ್ಕೆ ಮೂರು ನಾಲ್ಕು ಭಾಗ ಮಾತ್ರ, ಬೆಳೆಯುವ ಕಡಸಿಗೆ ಒಟ್ಟು ಆಹಾರದಲ್ಲಿ ಬೇಕಾದದ್ದು 12ರಿಂದ 14 ಭಾಗ. ಈ ಅಂತರ ತುಂಬುವುದೇ ಮೇವಿನ ಇಡೀ ಪ್ರಶ್ನೆ.

150 ಕಿಲೋದ ಕಡಸಿಗೆ ದಿನಕ್ಕೆ ಸುಮಾರು ನಾಲ್ಕು, ನಾಲ್ಕೂವರೆ ಕಿಲೋ ಒಣಪದಾರ್ಥ ಬೇಕು. ಹತ್ತು ಕಿಲೋ ಹಸಿರುಮೇವು, ಒಂದು ಒಂದೂವರೆ ಕಿಲೋ ಒಣಹುಲ್ಲು, ಒಂದೂವರೆ ಕಿಲೋ ಪಶು ಆಹಾರ, 25–30 ಗ್ರಾಂ ಖನಿಜ ಮಿಶ್ರಣ, ಬೇಕಾದಷ್ಟು ನೀರು ಇಟ್ಟರೆ ಗುರಿ ಮುಟ್ಟುತ್ತದೆ. ಹಸಿರಿನಲ್ಲಿ ದ್ವಿದಳದ ಪಾಲು ಹೆಚ್ಚಿದಷ್ಟೂ ಹಿಂಡಿಯ ಪಾಲು ಇಳಿಸಬಹುದು. ಅಲಸಂದೆ, ಕುದುರೆ ಮೆಂತೆ, ಬದುವಿನ ಅಗಸೆ, ಗ್ಲಿರಿಸಿಡಿಯಾ ಎಲ್ಲವೂ ಒದಗುತ್ತವೆ. ಕೋಲಾರ, ಚಿಕ್ಕಬಳ್ಳಾಪುರ, ರಾಮನಗರದ ರೇಷ್ಮೆ ಮನೆಗಳಲ್ಲಿ ಹುಳು ತಿಂದುಳಿದ ಹಿಪ್ಪುನೇರಳೆ ಸೊಪ್ಪು ಕಡಸಿಗೆ ಒಳ್ಳೆಯ ಮೇವು. ಹುಳುಮನೆಗೆ ಹಾಕಿದ ಸುಣ್ಣ, ಬ್ಲೀಚಿಂಗ್ ಪುಡಿ ತಾಗಿರದಿದ್ದರೆ ಸರಿ. ಕಲಬುರಗಿ, ಬೀದರ್ ಕಡೆ ತೊಗರಿ ಹೊಟ್ಟು, ಚಿತ್ರದುರ್ಗ, ಗದಗ ಕಡೆ ಶೇಂಗಾ ಬಳ್ಳಿ ಇದೇ ಕೆಲಸ ಮಾಡುತ್ತವೆ. ಬರೀ ಗೋಧಿ ಬೂಸಾ ನಂಬಿದವರ ಕಡಸಿಗೆ ರಂಜಕ ಸಿಕ್ಕರೂ ಸುಣ್ಣದಂಶ ಸಾಲದೆ ಎಲುಬು ಸೊರಗುತ್ತದೆ.

ಮೂರು ಎಚ್ಚರಿಕೆಗಳು. ಮಳೆ ಕೈಕೊಟ್ಟು ಬಾಡಿದ ಎಳೆಜೋಳ, ಕೊಯ್ದ ಮೇಲೆ ಚಿಗುರಿದ ಕೂಳೆಜೋಳ, ಇವುಗಳಲ್ಲಿ ಸಯನೈಡ್ ವಿಷ ಇರುತ್ತದೆ. ಹಗ್ಗ ಬಿಚ್ಚಿಕೊಂಡ ಕಡಸು ಹೊಲಕ್ಕೆ ನುಗ್ಗಿ ಸಾಯುವುದು ಹೀಗೆಯೇ. ಹೂ ಬಂದ ಮೇಲಷ್ಟೇ ಜೋಳ ಕೊಯ್ಯಬೇಕು. ಯೂರಿಯಾ ಉಪಚರಿಸಿದ ಹುಲ್ಲು ದೊಡ್ಡ ದನಕ್ಕೆ ಒಳ್ಳೆಯದೇ, ಆದರೆ ಆರು ತಿಂಗಳ ಒಳಗಿನ ಕರುವಿಗೆ ಕೂಡದು. ಮೂರನೆಯದು ಅನುಕೂಲಸ್ಥರ ಕೊಟ್ಟಿಗೆಯ ಸಮಸ್ಯೆ. ಮೂರು ತಿಂಗಳಿಂದ ಮೊದಲ ಬೆದೆಯವರೆಗೆ ಕೆಚ್ಚಲಿನ ಒಳ ಅಂಗಾಂಶ ಉಳಿದ ಮೈಗಿಂತ ಬೇಗ ಬೆಳೆಯುತ್ತದೆ. ಆ ದಿನಗಳಲ್ಲಿ ಮೆಕ್ಕೆಜೋಳದ ನುಚ್ಚು ತುಂಬಿಸಿ ಹಿಂಡಿ ಕಡಿಮೆ ಮಾಡಿದರೆ ಹಾಲಿನ ಗ್ರಂಥಿಯ ಜಾಗದಲ್ಲಿ ಕೊಬ್ಬು ಕೂರುತ್ತದೆ. ಮೈ ಮಿರುಗುವ ದಪ್ಪ ಕಡಸು ಈದ ಮೇಲೆ ನಿರಾಸೆ ಮಾಡುವುದಕ್ಕೆ ಇದೊಂದು ಕಾರಣ. ಕಡಸು ಎತ್ತರಕ್ಕೆ, ಎಲುಬಿಗೆ ಬೆಳೆಯಬೇಕು. ಪಕ್ಕೆಲುಬು ಮುಟ್ಟಿದರೆ ಕೈಗೆ ಸಿಗಬೇಕು, ನೋಡಿದರೆ ಎಣಿಸುವಂತೆ ಇರಬಾರದು.

ಲಸಿಕೆ, ಜಂತು, ಉಣ್ಣೆ

ಬದಲಿ ಹಸುವಾಗಿ ಉಳಿಸಿಕೊಳ್ಳುವ ಹೆಣ್ಣುಕರುವಿಗೆ ಮಾತ್ರ ಇರುವ, ಜನ್ಮಕ್ಕೊಮ್ಮೆ ಹಾಕಿಸುವ ಲಸಿಕೆಯೊಂದಿದೆ. ಕಂದುರೋಗ, ಅಂದರೆ ಬ್ರುಸೆಲ್ಲಾ ತಡೆಯುವ ಎಸ್-19 ಲಸಿಕೆ. ಅದನ್ನು ನಾಲ್ಕರಿಂದ ಎಂಟು ತಿಂಗಳ ಒಳಗೇ ಹಾಕಿಸಬೇಕು. ಗಡುವು ಮೀರಿದರೆ ಅವಕಾಶ ಹೋಯಿತು. 2019ರಲ್ಲಿ ಕೇಂದ್ರ ಸರ್ಕಾರ ಕಾಲುಬಾಯಿ ರೋಗ ಮತ್ತು ಬ್ರುಸೆಲ್ಲಾ ನಿಯಂತ್ರಣ ಕಾರ್ಯಕ್ರಮ ಆರಂಭಿಸಿದ ಮೇಲೆ ಈ ಲಸಿಕೆ ಉಚಿತವಾಗಿ ಸಿಗುತ್ತಿದೆ. ಇದು ಜೀವಂತ ಲಸಿಕೆ. ಹಾಕುವವರ ಕಣ್ಣಿಗೋ ಗಾಯಕ್ಕೋ ತಾಗಿದರೆ ಮನುಷ್ಯರಿಗೂ ರೋಗ ಬರುವುದರಿಂದ ಕೈಗವಸು ಕಡ್ಡಾಯ. ಗಬ್ಬದ ಆರೇಳನೆಯ ತಿಂಗಳಲ್ಲಿ ಕಂದು ಹಾಕುವ ಹಸು ತನ್ನ ಕರುವನ್ನಷ್ಟೇ ಕಳೆಯುವುದಿಲ್ಲ, ಇಡೀ ಕೊಟ್ಟಿಗೆಗೆ, ಹಸಿಹಾಲು ಕುಡಿಯುವ ಮನೆಮಂದಿಗೆ ರೋಗ ಹಂಚುತ್ತದೆ.

ಉಳಿದಂತೆ ಕಾಲುಬಾಯಿ ರೋಗಕ್ಕೆ ನಾಲ್ಕು ತಿಂಗಳಿಂದ ಶುರುಮಾಡಿ ಆರು ತಿಂಗಳಿಗೊಮ್ಮೆ. ಗಳಲೆ ರೋಗ, ಚಪ್ಪೆಬೇನೆಗೆ ಆರು ತಿಂಗಳು ತುಂಬಿದ ಮೇಲೆ ವರ್ಷಕ್ಕೊಮ್ಮೆ, ಮುಂಗಾರಿಗೆ ಮುಂಚೆ. ಚಪ್ಪೆಬೇನೆ ಎತ್ತಿಕೊಂಡು ಹೋಗುವುದು ಹೆಚ್ಚಾಗಿ ಮೈಕೈ ತುಂಬಿಕೊಂಡ ಎಳೆಯ ದನಗಳನ್ನೇ. 2022ರಲ್ಲಿ ಚರ್ಮಗಂಟು ರೋಗ ರಾಜ್ಯವಿಡೀ ಹಬ್ಬಿದ ಮೇಲೆ ಅದರ ಲಸಿಕೆಯೂ ಪಟ್ಟಿಗೆ ಸೇರಿದೆ.

ಸದ್ದಿಲ್ಲದೆ ತೂಕ ಕದಿಯುವುದು ಜಂತು. ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ಔಷಧ ಎನ್ನುವುದು ರೂಢಿಯ ಸಲಹೆ. ಸಗಣಿ ಪರೀಕ್ಷೆ ಮಾಡಿಸಿ ಕೊಟ್ಟರೆ ಇನ್ನೂ ಒಳ್ಳೆಯದು. ಕೆರೆಯಂಚಿನ ಹುಲ್ಲು ತಿನ್ನುವ ಕಡಸಿನ ಗದ್ದದ ಕೆಳಗೆ ನೀರು ತುಂಬಿದರೆ ಅದು ಈಲಿಹುಳುವಿನ ಗುರುತು. ಹಾಲು ಬಿಟ್ಟ ಹೊಸತರಲ್ಲಿ ಸಗಣಿಯಲ್ಲಿ ರಕ್ತ ಕಂಡರೆ ಕಾಕ್ಸಿಡಿಯಾ ಇರಬಹುದು, ಅದಕ್ಕೆ ಜಂತಿನ ಔಷಧ ತಾಗುವುದಿಲ್ಲ. ಸೀಮೆತಳಿಗೆ ಉಣ್ಣೆಯಿಂದ ಬರುವ ಥೈಲೇರಿಯಾ ದೊಡ್ಡ ಶತ್ರು. ಏರುಜ್ವರ, ಭುಜದ ಮುಂದೆ ನಿಂಬೆಗಾತ್ರದ ಗಂಟು ಕಂಡ ದಿನವೇ ಡಾಕ್ಟರನ್ನು ಕರೆಸಬೇಕು. ಮೈಮೇಲಿನ ಉಣ್ಣೆಗೆ ಔಷಧ ಬಳಿದು ಗೋಡೆಯ ಬಿರುಕು ಹಾಗೇ ಬಿಟ್ಟರೆ ಪ್ರಯೋಜನವಿಲ್ಲ. ಅದು ಮೊಟ್ಟೆಯಿಡುವುದು ಆ ಬಿರುಕಿನಲ್ಲೇ.

ಯಾರನ್ನು ಉಳಿಸಿಕೊಳ್ಳುವುದು?

ಹತ್ತು ಹಸುಗಳ ಹಟ್ಟಿಯಲ್ಲಿ ವರ್ಷಕ್ಕೆ ಎಂಟೊಂಬತ್ತು ಕರು ಹುಟ್ಟಿದರೆ ಹೆಣ್ಣು ನಾಲ್ಕು. ಒಂದು ಸತ್ತರೆ ಮೂರು ಉಳಿದವು. ಮುದಿಯಾಗಿ, ರೋಗ ಬಂದು, ಗಬ್ಬ ನಿಲ್ಲದೆ ವರ್ಷಕ್ಕೆ ಎರಡು ಹಸು ಹಟ್ಟಿ ಬಿಡುತ್ತವೆ ಎಂದರೆ ಅವುಗಳ ಜಾಗಕ್ಕೆ ಬೇಕಾದ್ದು ಎರಡು ಕಡಸು. ಅಂದರೆ ಆಯ್ಕೆಗೆ ಉಳಿಯುವ ಅವಕಾಶ ಒಂದೇ ಒಂದು. ಇಷ್ಟು ಕಿರಿದಾದ ಅವಕಾಶದಲ್ಲಿ ತಪ್ಪು ಕರು ಉಳಿಸಿಕೊಂಡರೆ ತಿದ್ದಲು ಮೂರು ವರ್ಷ ಬೇಕು.

ಸಾಮಾನ್ಯವಾಗಿ ನಾವು ನೋಡುವುದು ತಾಯಿಯ ಹಾಲು. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂಬ ಗಾದೆ ಕೊಟ್ಟಿಗೆಗೆ ಅರ್ಧ ಮಾತ್ರ ಹೊಂದುತ್ತದೆ. ಇನ್ನರ್ಧ ಹೋರಿಯದು. ವೀರ್ಯನಳಿಕೆಯ ಮೇಲೆ ಹೋರಿಯ ಸಂಖ್ಯೆ, ತಳಿ ಅಚ್ಚಾಗಿರುತ್ತದೆ. ಅದನ್ನು ಬರೆದಿಟ್ಟವರು ವಿರಳ. ಬರೆದಿಡದಿದ್ದರೆ ಮಗಳನ್ನು ತಂದೆಯ ವೀರ್ಯಕ್ಕೇ ಗಬ್ಬ ಕಟ್ಟಿಸಿದರೂ ತಿಳಿಯುವುದಿಲ್ಲ. ಕಿವಿಯ 12 ಅಂಕಿಯ ಓಲೆ ಇಂಥ ದಾಖಲೆಗೂ ಒದಗಬೇಕು. ನಮ್ಮಲ್ಲಿ ಅದು ಹೆಚ್ಚಾಗಿ ನೆನಪಾಗುವುದು ವಿಮೆಯ ಹೊತ್ತಿಗೆ. 2024ರ ಅಕ್ಟೋಬರಿನಲ್ಲಿ ದೇಶೀ ತಳಿಗಳಿಗೆ ಹೊಂದುವ ಗೌ ಚಿಪ್ ಬಿಡುಗಡೆಯಾಗಿದೆ. ಕರುವಿನ ರಕ್ತದಿಂದಲೇ ಅದರ ಗುಣ ಅಂದಾಜಿಸುವ ದಾರಿ ಇದು. ಆದರೆ ಹಾಲಿನ ದಾಖಲೆ ಇಲ್ಲದ ಕಡೆ ಯಾವ ಚಿಪ್ಪೂ ಪವಾಡ ಮಾಡದು.

ಉಳಿಸಿಕೊಳ್ಳಲೇಬಾರದ ಕರು ಒಂದುಂಟು: ಗಂಡಿನ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಣು. ಗರ್ಭದಲ್ಲೇ ಗಂಡುಕರುವಿನ ರಕ್ತ, ಹಾರ್ಮೋನು ಸೇರಿಕೊಂಡು ಇಂಥ ಹೆಣ್ಣುಗಳಲ್ಲಿ ಹತ್ತಕ್ಕೆ ಒಂಬತ್ತು ಬಂಜೆ. ಅವಳಿ ಹುಟ್ಟಿದ ಸಂಭ್ರಮದಲ್ಲಿ ಮೂರು ವರ್ಷ ಸಾಕಿ, ಹತ್ತು ಸಲ ಡಾಕ್ಟರನ್ನು ಕರೆಸಿ, ಕಡೆಗೆ ಕೈಚೆಲ್ಲಿದವರಿದ್ದಾರೆ. ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ 2021ರಿಂದ ಜಾರಿಯಲ್ಲಿರುವಾಗ ಗಬ್ಬ ನಿಲ್ಲದ ಕಡಸನ್ನು ದಾಟಿಸುವ ದಾರಿಯೂ ಕಿರಿದಾಗಿದೆ. ಹಾಗಾಗಿ ಆಯ್ಕೆಯ ಹೊಣೆ ಮೊದಲಿಗಿಂತ ಭಾರ.

ಬೆದೆ ಮತ್ತು ಹೋರಿಯ ಆಯ್ಕೆ

ತೂಕ ಸೇರಿದ ಕಡಸು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಬೆದೆಯ ಬಿಸಿ ಇರುವುದು ಹನ್ನೆರಡರಿಂದ ಹದಿನೆಂಟು ಗಂಟೆ. ಬಯಲಿನಲ್ಲಿ ಬಿಟ್ಟ ಗುಂಪಿನಲ್ಲಿ ಗುರುತಿಸುವುದು ಸುಲಭ. ಇನ್ನೊಂದು ಹತ್ತಿದರೆ ಅಲುಗದೆ ನಿಲ್ಲುವ ಕಡಸೇ ಬೆದೆಯದು. ಗೂಟಕ್ಕೆ ಕಟ್ಟಿದ ಒಂಟಿ ಕಡಸಿಗೆ ಆ ಅವಕಾಶವೇ ಇಲ್ಲ. ಅಲ್ಲಿ ನೋಡಬೇಕಾದ್ದು ಬೆಳಿಗ್ಗೆ ಎದ್ದಾಗ ಬಾಲದ ಬುಡಕ್ಕೆ, ಪಕ್ಕೆಗೆ ಅಂಟಿದ ಗಾಜಿನಂಥ ಲೋಳೆ, ಮೇವು ಬಿಟ್ಟು ಕೂಗುವುದು, ಪದೇಪದೇ ಉಚ್ಚೆ ಹೊಯ್ಯುವುದು. ಎಮ್ಮೆಮಣಕದಲ್ಲಿ, ಅದರಲ್ಲೂ ಬೇಸಿಗೆಯಲ್ಲಿ, ಇದೂ ಮಂಕು. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಇಂಜೆಕ್ಷನ್ ಕೊಡಿಸುವುದು ಹಳೆಯ, ಇನ್ನೂ ನಿಲ್ಲುವ ನಿಯಮ. ಮೊದಲ ಬೆದೆಗಿಂತ ಎರಡನೆಯ, ಮೂರನೆಯ ಬೆದೆಯಲ್ಲಿ ಗಬ್ಬ ನಿಲ್ಲುವುದು ಹೆಚ್ಚು. ತೂಕ ಸೇರಿಯೂ ಎರಡು ಮೂರು ತಿಂಗಳಲ್ಲಿ ಬೆದೆಯ ಸುಳಿವಿಲ್ಲದಿದ್ದರೆ ಗರ್ಭಕೋಶ ಪರೀಕ್ಷೆ ಮಾಡಿಸಿ ಕಾರಣ ಹುಡುಕಬೇಕು. ಕಾಯುತ್ತ ಕೂತರೆ ಮತ್ತೊಂದು ವರ್ಷ ಹೋಗುತ್ತದೆ.

ಕಡಸಿಗೆ ಹಾಕಿಸುವ ವೀರ್ಯದಲ್ಲಿ ಹಾಲಿನ ಆಸೆಗಿಂತ ಹೆರಿಗೆಯ ಸುಲಭ ಮೊದಲು ನೋಡಬೇಕು. ಸಣ್ಣ ಮೈಯ ಕಡಸಿಗೆ ದೊಡ್ಡ ಎಚ್‌ಎಫ್ ಹೋರಿಯ ವೀರ್ಯ ಕೊಡಿಸಿ, ಎಳೆದು ತೆಗೆಯಬೇಕಾದ ಕರು, ಒಳಗೇ ಉಳಿದ ಸತ್ತೆ, ಸೋತ ತಾಯಿ ಎಂದು ಮೂರು ಕಷ್ಟ ಒಟ್ಟಿಗೆ ತರಿಸಿಕೊಳ್ಳುವುದಕ್ಕಿಂತ ಜೆರ್ಸಿಯ ವೀರ್ಯ ವಾಸಿ. ಈಚಿನ ಲಿಂಗ ನಿರ್ಧರಿತ ವೀರ್ಯ ಇಲ್ಲಿ ಎರಡು ರೀತಿ ನೆರವಾಗುತ್ತದೆ. ಹುಟ್ಟುವ ಕರುಗಳಲ್ಲಿ ಸುಮಾರು 90 ಭಾಗ ಹೆಣ್ಣು, ಹೆಣ್ಣುಕರು ಸಾಮಾನ್ಯವಾಗಿ ಗಂಡಿಗಿಂತ ಹಗುರ. ಗಬ್ಬ ನಿಲ್ಲುವ ಪ್ರಮಾಣ ಮಾಮೂಲಿ ವೀರ್ಯಕ್ಕಿಂತ ಕಡಿಮೆ ಎನ್ನುವುದು ಅದರ ಕೊರತೆ. ಹೆತ್ತ ಹಸುಗಳಿಗಿಂತ ಆರೋಗ್ಯವಂತ ಕಡಸುಗಳಲ್ಲಿ ಅದು ಹೆಚ್ಚು ಫಲಿಸುವುದರಿಂದ, ಬಳಸುವುದಾದರೆ ಕಡಸಿಗೇ ಬಳಸಬೇಕು. ಅರೆಹೊಟ್ಟೆಯ ಕಡಸಿಗೆ ದುಬಾರಿ ನಳಿಕೆ ಹಾಕಿಸುವುದು ದಂಡ.

ಗಬ್ಬದ ಕಡಸು

ಮೂರು ತಿಂಗಳಿಗೆ ಗಬ್ಬ ಖಚಿತಪಡಿಸಿಕೊಂಡ ಮೇಲೆ ಕಡಸನ್ನು ಮರೆಯುವುದು ಇನ್ನೊಂದು ರೂಢಿ. ಹೊಟ್ಟೆಯ ಕರು ಹೆಚ್ಚಾಗಿ ಬೆಳೆಯುವುದು ಕೊನೆಯ ಮೂರು ತಿಂಗಳಲ್ಲಿ. ಆಗ ಕಡಸು ತಾನೂ ಇನ್ನೂ ಬೆಳೆಯುತ್ತಿರುತ್ತದೆ. ಕೊನೆಯ ಎರಡು ತಿಂಗಳು ಪಶು ಆಹಾರ ಒಂದು ಒಂದೂವರೆ ಕಿಲೋ ಹೆಚ್ಚಿಸಬೇಕು. ತಿಂಗಳ ಮುಂಚೆ ಕರೆಯುವ ಜಾಗದಲ್ಲಿ ಕಟ್ಟಿ, ಕೆಚ್ಚಲು ನೇವರಿಸಿ, ಮನೆಯ ಹೆಂಗಸರ ಕೈಗೆ, ಮಾತಿಗೆ ರೂಢಿಸಿದರೆ ಈದ ಮೇಲೆ ಕಾಲುಹಗ್ಗ ಬೇಕಾಗುವುದಿಲ್ಲ. ನೀರಚೀಲ ಒಡೆದು ಎರಡು ಗಂಟೆಯಾದರೂ ಹೆರಿಗೆ ಮುಂದುವರಿಯದಿದ್ದರೆ ಎಳೆದಾಡದೆ ಡಾಕ್ಟರನ್ನು ಕರೆಸಬೇಕು.

ಚೊಚ್ಚಲ ಹಾಲು ಪೂರ್ತಿ ಬೆಳೆದ ಹಸುವಿನ ಮುಕ್ಕಾಲು ಭಾಗದಷ್ಟಿದ್ದರೆ ಅದು ಸರಿಯಾದ ಅಳತೆ. ಅಷ್ಟಕ್ಕೇ ಕೆಟ್ಟ ಹಸು ಎಂದು ಸಂತೆಗೆ ಹೊಡೆಯುವುದು ಅವಸರ. ಮೊದಲ ಸೂಲಿನಲ್ಲಿ ಹಾಲಿನ ಲೆಕ್ಕದ ಆಹಾರದ ಜೊತೆಗೆ ಬೆಳವಣಿಗೆಯ ಪಾಲೂ ಕೊಡಬೇಕು. ಅದು ತಪ್ಪಿದರೆ ಮೈ ಇಳಿದು, ಎರಡನೆಯ ಸಲ ಬೆದೆಗೆ ಬರಲು ಆರೆಂಟು ತಿಂಗಳು ಹಿಡಿಯುತ್ತದೆ. ಕಡಸಿನಲ್ಲಿ ಉಳಿಸಿದ ದಿನಗಳನ್ನು ಇಲ್ಲಿ ಕಳೆದಂತಾಗುತ್ತದೆ.

ಸಾಕುವುದೋ, ಕೊಳ್ಳುವುದೋ

ಇಷ್ಟೆಲ್ಲ ತಾಪತ್ರಯ ಬಿಟ್ಟು ಚಿಂತಾಮಣಿಯ ಸಂತೆಗೋ ಈರೋಡಿಗೋ ಹೋಗಿ ಈಯಲಿಕ್ಕಾದ ಹಸು ತರುವುದೇ ಸಲೀಸು ಎನ್ನುವವರ ವಾದ ತಳ್ಳಿಹಾಕುವಂಥದ್ದಲ್ಲ. ಮೇವಿನ ಜಮೀನಿಲ್ಲದ, ನಗರದ ಅಂಚಿನ ಹೈನುಗಾರನಿಗೆ ಪ್ರತಿ ಗೋದಲೆಯೂ ಹಾಲು ಕೊಡಬೇಕು. ಅವನಿಗೆ ಕೊಳ್ಳುವುದೇ ಲೆಕ್ಕ. ಆದರೆ ಕೊಂಡ ಹಸುವಿನ ಜೊತೆ ಲಸಿಕೆಯ ಚರಿತ್ರೆ ಬರುವುದಿಲ್ಲ, ಹೋರಿಯ ಸಂಖ್ಯೆ ಬರುವುದಿಲ್ಲ. ಬ್ರುಸೆಲ್ಲಾ, ಥೈಲೇರಿಯಾ, ಕೆಚ್ಚಲುಬಾವು ಮಾತ್ರ ಕೇಳದೆ ಬರುತ್ತವೆ. ಸ್ವಂತ ಮೇವಿರುವ, ನಾಲ್ಕಾರು ಹಸುಗಳ ಒಕ್ಕಲು ಮನೆಗೆ ತನ್ನ ಹಟ್ಟಿಯ ಕಡಸೇ ಭದ್ರ, ಅದನ್ನು ಎರಡೂವರೆ ವರ್ಷದೊಳಗೆ ಈಯಿಸುವ ತಯಾರಿ ಇದ್ದರೆ.

ಅಂಥ ತಯಾರಿಗೆ ಬೇಕಾದ ಕೈಬಂಡವಾಳವೇ ಸಣ್ಣ ರೈತನ ಬಳಿ ಇರುವುದಿಲ್ಲ ಎನ್ನುವುದು ಸಮಸ್ಯೆಯ ತಿರುಳು. ಕೇರಳದ ಪಶುಸಂಗೋಪನಾ ಇಲಾಖೆ ಗೋವರ್ಧಿನಿ ಯೋಜನೆಯಲ್ಲಿ ಹೆಣ್ಣುಕರುವನ್ನು ಎಳವೆಯಲ್ಲೇ ದಾಖಲಿಸಿ ರಿಯಾಯಿತಿ ದರದಲ್ಲಿ ಆಹಾರ ಕೊಡುತ್ತ ಬಂದಿದೆ. ನಮ್ಮ ಹಾಲು ಒಕ್ಕೂಟಗಳಿಗೆ ಹಳ್ಳಿಹಳ್ಳಿಯಲ್ಲಿ ಸಂಘವಿದೆ, ಪಶು ಆಹಾರದ ಕಾರ್ಖಾನೆಗಳಿವೆ, ಹದಿನೈದು ದಿನಕ್ಕೊಮ್ಮೆ ಬಟವಾಡೆ ಹಿಡಿಯುವ ವ್ಯವಸ್ಥೆಯಿದೆ. ಕಡಸಿನ ಆಹಾರವನ್ನು ಸಾಲವಾಗಿ ಕೊಟ್ಟು, ಅದು ಈದ ಮೇಲೆ ಹಾಲಿನ ಬಟವಾಡೆಯಲ್ಲಿ ಕಂತುಕಂತಾಗಿ ಮುರಿದುಕೊಳ್ಳುವುದು ಅವುಗಳಿಗೆ ಕಷ್ಟದ ಕೆಲಸವಲ್ಲ. ತಿಂಗಳಿಗೊಮ್ಮೆ ಸಂಘದ ಕಾರ್ಯದರ್ಶಿ ಟೇಪು ಹಿಡಿದು ಊರ ಕಡಸುಗಳ ಎದೆ ಅಳೆದು ಬರೆದರೆ ಸಾಲಕ್ಕೆ ಭದ್ರತೆಯೂ ಆಯಿತು, ತಳಿಯ ದಾಖಲೆಯೂ ಆಯಿತು.

ಆ ವ್ಯವಸ್ಥೆ ಬರುವವರೆಗೆ ರೈತನ ಕೈಯಲ್ಲಿರುವ ತೀರ್ಮಾನ ಒಂದೇ: ಎಷ್ಟು ಕಡಸು ಇಟ್ಟುಕೊಳ್ಳಬೇಕು ಎಂಬುದು. ಹುಟ್ಟಿದ ಹೆಣ್ಣನ್ನೆಲ್ಲ ಉಳಿಸಿಕೊಳ್ಳುವ ಮೋಹವೇ ಎಲ್ಲವನ್ನೂ ಅರೆಹೊಟ್ಟೆಗೆ ತಳ್ಳುತ್ತದೆ. ನಾಲ್ಕನ್ನು ಜೀವ ಹಿಡಿಸುವಷ್ಟು ಮೇವಿನಲ್ಲಿ ಎರಡನ್ನು ಹೊಟ್ಟೆತುಂಬ ಬೆಳೆಸಬಹುದು. ಹಾಲು ಬಿಟ್ಟ ಹೊಸತರಲ್ಲೇ ಉಳಿದೆರಡನ್ನು ಮೇವಿರುವ ಮನೆಗೆ ಮಾರಿ, ಬಂದ ಹಣವನ್ನು ಉಳಿಸಿಕೊಂಡವುಗಳ ಹಿಂಡಿಗೆ ಹಾಕುವವನ ಹಟ್ಟಿಯಲ್ಲಿ ಎರಡು ವರ್ಷಕ್ಕೆ ಎರಡು ಕರೆಯುವ ಹಸು ಸೇರುತ್ತವೆ. ನಾಲ್ಕನ್ನೂ ಇಟ್ಟುಕೊಂಡವನು ಅದೇ ಹೊತ್ತಿಗೆ ಮೊದಲ ಬೆದೆಗೆ ಕಾಯುತ್ತಿರುತ್ತಾನೆ.